ಗದ್ದೆಪ್ಪ ಕಟ್ಟಿದ ಒಡ್ಡು

ಬಳಗಾನೂರಿನ ಚಹಾದಂಗಡಿಯಲ್ಲಿ ಯಾರಾದರೂ ಕರಿಬಸಪ್ಪನ ಹೆಸರೆತ್ತಿದರೆ ಗದ್ದೆಪ್ಪ ಇವತ್ತಿಗೂ ಅರ್ಧ ಗ್ಲಾಸು ಚಹಾ ಬಿಟ್ಟು ಎದ್ದು ಹೋಗುತ್ತಾನೆ. ಕರಿಬಸಪ್ಪನ ಇಪ್ಪತ್ತು ಎಕರೆ ಗದ್ದೆ ಕಾಲುವೆಯ ಮೇಲ್ಭಾಗದಲ್ಲಿದೆ. ಗದ್ದೆಪ್ಪನ ನಾಲ್ಕು ಎಕರೆ ಎರೆಹೊಲ ಅದೇ ಕಾಲುವೆಯ ಕಟ್ಟಕಡೆಗೆ. ನೀರಿನ ಪಾಳಿ ಕಾಗದದ ಮೇಲೆ ಇಬ್ಬರಿಗೂ ಇತ್ತು. ಆದರೆ ಮೇಲಿನವನು ತನ್ನ ಪಾಳಿ ಮುಗಿದ ಮೇಲೂ ತೂಬು ಮುಚ್ಚುತ್ತಿರಲಿಲ್ಲ. ನಾಲ್ಕು ವರ್ಷ ಗದ್ದೆಪ್ಪನ ಕಡೆಗೆ ಹರಿದು ಬಂದದ್ದು ಬರೀ ಗಾಳಿ ಮತ್ತು ಕಸ. ಅದನ್ನು ಅವನು ಮರೆತಿಲ್ಲ. ಮರೆತುಬಿಡು ಅಂತ ಬುದ್ಧಿ ಹೇಳುವವರ ಹೊಲ ಯಾವತ್ತೂ ಕಾಲುವೆಯ ಕೊನೆಗೆ ಇರುವುದಿಲ್ಲ.

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು ಗದ್ದೆಪ್ಪ. ದುಡಿಮೆಗೆ ಎತ್ತಿದ ಕೈ, ಸಿಟ್ಟಿಗೂ ಅಷ್ಟೇ. ಎತ್ತು ನೀರಿನ ಕೊಡ ಉರುಳಿಸಿತೆಂದು ಎರಡು ದಿನ ಆ ಎತ್ತಿನ ಜೊತೆ ಮಾತು ಬಿಟ್ಟಿದ್ದ ಮನುಷ್ಯ. ಅವನ ಸಿಟ್ಟು ಉಕ್ಕಿದ ಹಾಲಿನಂತೆ ಒಲೆ ಹೊಲಸು ಮಾಡಿಯೇ ಇಳಿಯುತ್ತದೆ ಎಂದು ಹೆಂಡತಿ ಗ್ಯಾನಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಐದು ವರ್ಷದ ಹಿಂದಿನ ಆಷಾಢ. ಸುತ್ತಲಿನವರೆಲ್ಲ ಜೋಳ ಬಿಟ್ಟು ಭತ್ತಕ್ಕೆ ತಿರುಗಿಯಾಗಿತ್ತು. ಗದ್ದೆಪ್ಪನ ಹೊಲ ಮಾತ್ರ ಹಿಂಗಾರಿ ಜೋಳಕ್ಕೆಂದು ಖಾಲಿ ಬಿದ್ದಿತ್ತು. ಒಂದು ಮಧ್ಯಾಹ್ನ ಕುರಿ ಕಾಯುವ ದುರುಗೇಶ ಓಡಿ ಬಂದು, ಮಾವಾ ಬಾ, ಸಪ್ಪಳ ಮಾಡಬ್ಯಾಡ ಎಂದು ಕೈ ಹಿಡಿದು ಎಳೆದುಕೊಂಡು ಹೋದ. ದುರುಗೇಶನ ಕುರಿಹಟ್ಟಿ ಆ ಹೊಲದಾಚೆಯ ಗೋಮಾಳದಲ್ಲಿತ್ತು. ಹೊಲದ ಕೆಳಗಿನ ಮೂಲೆಯಲ್ಲಿ, ಒಣಹುಲ್ಲಿನ ನಡುವೆ, ಸೊಂಟದೆತ್ತರದ ಹಕ್ಕಿಯೊಂದು ಎದ್ದು ನಿಂತಿತು. ಬಿಳಿ ಕುತ್ತಿಗೆ, ನೆತ್ತಿಯ ಮೇಲೆ ಕರಿ ಟೊಪ್ಪಿಗೆ. ಅದು ಕೂತಿದ್ದ ಜಾಗದಲ್ಲಿ, ಬರೀ ನೆಲದ ಮೇಲೆ, ಮಣ್ಣುಬಣ್ಣದ ಒಂದೇ ಒಂದು ತತ್ತಿ.

ಎರೆಭೂತ ಹಕ್ಕಿ. ಗದ್ದೆಪ್ಪನ ಅಜ್ಜನ ಕಾಲಕ್ಕೆ ಒಂದು ಜೋಳದ ಹೊಲದಲ್ಲಿ ಹತ್ತು ಹನ್ನೆರಡು ತಿರುಗುತ್ತಿದ್ದವಂತೆ. ಗದ್ದೆಪ್ಪ ಚಿಕ್ಕವನಿದ್ದಾಗ ಒಂದು ಸಲ ಕಂಡದ್ದು, ಆಮೇಲೆ ಇಲ್ಲ. ಎರೆಹೊಲವೆಲ್ಲ ಗದ್ದೆಯಾದ ಮೇಲೆ ಅದು ನಿಲ್ಲುವುದಾದರೂ ಎಲ್ಲಿ?

ಸುದ್ದಿ ಹೇಗೋ ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರ ಶಾಕೀರನಿಗೆ ಮುಟ್ಟಿತು. ಮೋಟಾರ್ ಸೈಕಲ್ಲನ್ನು ದೂರವೇ ನಿಲ್ಲಿಸಿ, ನಡೆದು ಬಂದು, ದುರ್ಬೀನಿನಲ್ಲಿ ನೋಡಿದವನ ಕಣ್ಣಲ್ಲಿ ನೀರು ಬಂತು. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ತತ್ತಿ, ಇಡೀ ದೇಶದಲ್ಲಿ ಉಳಿದಿರುವ ಹಕ್ಕಿಗಳನ್ನು ಒಂದು ಮದುವೆ ಊಟದ ಪಂಕ್ತಿಯಲ್ಲಿ ಕೂರಿಸಬಹುದು ಎಂದು ವಿವರಿಸಿದ. ಆಮೇಲೆ ಗದ್ದೆಪ್ಪನ ಎರಡೂ ಕೈ ಹಿಡಿದುಕೊಂಡ.

"ಇನ್ನ ಇಪ್ಪತ್ತು ದಿನ ತಡೀರಿ ಅಣ್ಣ. ಮರಿ ಹೊರಗ ಬಂತಂದ್ರ ತಾಯಿ ಬೆನ್ನ ಹತ್ತಿ ನಡದುಬಿಡ್ತೈತಿ. ಆಮ್ಯಾಲೆ ಹೊಲದಾಗ ನೀವು ಹೊಳೀನ ಹರಿಸ್ರಿ."

"ಹನಿ ನೀರು ಬಿಡಂಗಿಲ್ಲ ಹೋಗೋ," ಎಂದ ಗದ್ದೆಪ್ಪ. ಹೆಮ್ಮೆಯಿಂದಲೇ ಹೇಳಿದ್ದ.

ದುರುಗೇಶ ಅದೇ ದಿನ ತನ್ನ ಎರಡೂ ನಾಯಿಗಳನ್ನು ಕಟ್ಟಿಹಾಕಿದ. ಕುರಿಗಳನ್ನು ಗೋಮಾಳದ ಆ ತುದಿಯಿಂದ ಸುತ್ತು ಹಾಕಿ ಮೇಯಿಸಿದ. ಸಂಜೆ ಇಬ್ಬರೂ ಬದುವಿನ ಮೇಲೆ ಕೂತು, ತಾಯಿಹಕ್ಕಿ ಕೂತಿದೆಯೋ ಇಲ್ಲವೋ ಎಂದು ನೋಡಿ ಮನೆಗೆ ಹೋಗುತ್ತಿದ್ದರು.

ಹನ್ನೆರಡು ದಿನ ಹೀಗೇ ಕಳೆಯಿತು. ಅಷ್ಟರಲ್ಲಿ ನೀರು ಬಂತು.

ಆ ವರ್ಷ ಕೊನೆಭಾಗದವರೆಲ್ಲ ಸಿಂಧನೂರಿಗೆ ಹೋಗಿ ಧರಣಿ ಕೂತಿದ್ದರು. ಗಂಟಲು ಹರಿಯುವಂತೆ ಕೂಗಿದವರಲ್ಲಿ ಗದ್ದೆಪ್ಪನೇ ಮೊದಲಿಗ. ಅದರ ಫಲವಾಗಿ ಬುಧವಾರ ಮುಂಜಾನೆಯಿಂದ ಸಂಜೆವರೆಗೆ ಅವನ ಪಾಳಿ ಎಂದು ಗೊತ್ತಾಯಿತು. ಬೇಡ ಅಂದಿದ್ದರೆ ಮುಗಿದು ಹೋಗುತ್ತಿತ್ತು. ಬೇಡ ಅನ್ನಬೇಕು ಅಂತಲೇ ಅವನು ಚಹಾದಂಗಡಿಗೆ ಹೋಗಿದ್ದ. ಅಲ್ಲಿ ಕಾಲುವೆಯ ನೀರು ತಿರುಗಿಸುವ ಗ್ಯಾಂಗ್‌ಮನ್ ಪಕ್ಕ ಕರಿಬಸಪ್ಪ ಕೂತಿದ್ದ.

"ಗದ್ದೆಪ್ಪಂದು ಬಿಡ್ರಿ, ಅಂವ ಬಾಣಂತನ ಮಾಡಾಕತ್ತಾನ," ಎಂದ ಕರಿಬಸಪ್ಪ, ಎಲ್ಲರಿಗೂ ಕೇಳುವಂತೆ. "ಎಕರೆಕ ಎಷ್ಟು ತತ್ತಿ ಬರ್ತಾವಲೇ? ಅವನ ಪಾಳಿ ನೀರು ನನ್ನ ಕಡೆ ತಿರುಗಿಸ್ರಿ."

ಅಂಗಡಿಯೆಲ್ಲ ನಕ್ಕಿತು. ಗದ್ದೆಪ್ಪ ಧಡಕ್ಕನೆ ಎದ್ದ. ತನ್ನ ಪಾಳಿ ತನ್ನ ಹೊಲಕ್ಕೇ, ಬೇರೆಯವರಿಗೆ ಹನಿ ಕೊಡುವುದಿಲ್ಲ ಎಂದು ಕೂಗಿ ಮನೆಗೆ ಬಂದು ಸನಿಕೆ ಹುಡುಕಿದ.

"ಸಸಿ ಹಾಕಿಲ್ಲ, ಹೊಲ ಹರಗಿಲ್ಲ. ನೀರು ತಗೊಂಡು ಏನು ಮಾಡ್ತಿ?" ಎಂದಳು ಗ್ಯಾನಮ್ಮ. "ಆ ಹುಡುಗಗ ಮಾತು ಕೊಟ್ಟಿ."

"ಮಾತೂ ಉಳಸ್ತೀನಿ, ನೀರೂ ಉಳಸ್ತೀನಿ. ನೀ ಸುಮ್ಮನಿರು."

ಅವನ ಲೆಕ್ಕ ಇಷ್ಟೇ ಇತ್ತು. ಗೂಡಿನಿಂದ ಹದಿನೈದು ಹೆಜ್ಜೆ ಬಿಟ್ಟು ಸುತ್ತಲೂ ಮೊಣಕಾಲೆತ್ತರದ ಮಣ್ಣಿನ ಒಡ್ಡು ಕಟ್ಟುವುದು. ಹೊಲ ತುಂಬಲಿ, ಒಡ್ಡಿನ ಒಳಗೆ ಒಣ ಇರಲಿ. ಬುಧವಾರ ಮುಂಜಾನೆಯೇ ಒಡ್ಡು ಹಾಕಿ ಮುಗಿಸಿದ. ಹಕ್ಕಿ ದೂರ ಸರಿದು ನಿಂತು ನೋಡುತ್ತಿತ್ತು, ಅವನು ಹಿಂದೆ ಬಂದ ಮೇಲೆ ಹೋಗಿ ಕೂತಿತು. ಒಡ್ಡು ಗಟ್ಟಿಯಾಗಿಯೇ ಇತ್ತು, ಕೆಲಸದಲ್ಲಿ ಅವನು ಮೋಸ ಮಾಡುವವನಲ್ಲ. ತೂಬು ತೆಗೆದು, ಮೇಲಿನ ಬದುವಿನಲ್ಲಿ ಸನಿಕೆಗೆ ಒರಗಿ ನಿಂತು, ಕರಿಬಸಪ್ಪ ಈ ದಾರಿಯಲ್ಲಿ ಬಂದು ಇದನ್ನು ನೋಡಲಿ ಎಂದು ಕಾದ.

ಮಳೆ ಇನ್ನೂ ಸರಿಯಾಗಿ ಬಿದ್ದಿರಲಿಲ್ಲ. ಬೇಸಿಗೆಗೆ ಬಾಯಿಬಿಟ್ಟ ಎರೆನೆಲ ಹಾಗೇ ಇತ್ತು, ಮೊಣಕೈವರೆಗೆ ತೋಳು ಇಳಿಯುವಂಥ ಬಿರುಕುಗಳು. ಇಲ್ಲಿ ನೀರು ನೆಲದ ಮೇಲೆ ಹರಿಯುವ ಮೊದಲು ನೆಲದೊಳಗೆ ಹರಿಯುತ್ತದೆ. ಗೋಟಿ ಆಡುವ ವಯಸ್ಸಿನಿಂದ ಆ ಬಿರುಕುಗಳಲ್ಲಿ ಸಾಮಾನು ಕಳಕೊಂಡು ಬೆಳೆದ ಗದ್ದೆಪ್ಪನಿಗೆ ಇದು ಹೇಳಿಕೊಡಬೇಕಾದ ಮಾತಲ್ಲ. ಆದರೆ ಅವತ್ತು ಅವನ ಕಣ್ಣು ಹೊಲದ ಮೇಲಿರಲಿಲ್ಲ, ದಾರಿಯ ಮೇಲಿತ್ತು.

ಮಧ್ಯಾಹ್ನ ಎರಡರ ಹೊತ್ತಿಗೆ ತಿರುಗಿ ನೋಡಿದರೆ ಹಕ್ಕಿ ಒಡ್ಡಿನ ಮೇಲೆ ನಿಂತಿತ್ತು. ಅವನು ಓಡಿದ. ಹೊರಗೆ ತಡೆದ ನೀರು ಒಡ್ಡಿನ ಬುಡದ ಕೆಳಗೆ ಬಿರುಕಿನಲ್ಲಿ ನುಸುಳಿ ಒಳಗೆ ಎದ್ದಿತ್ತು. ನೀರು ತಡೆಯಲೆಂದು ಕಟ್ಟಿದ ಒಡ್ಡೇ ಈಗ ನೀರು ಹಿಡಿದಿಟ್ಟುಕೊಂಡಿತ್ತು. ಸನಿಕೆಯಿಂದ ಒಡ್ಡಿನ ಕೆಳಬದಿ ಒಡೆದು ಹಾಕಿದ. ನೀರಿನಡಿ ತತ್ತಿ ಕೈಗೆ ಸಿಕ್ಕಾಗ ತಣ್ಣಗಿತ್ತು. ಟವೆಲ್ಲಿನಿಂದ ಒರೆಸಿ, ಅಂಗಿಯೊಳಗೆ ಎದೆಗಿಟ್ಟುಕೊಂಡು ಬಹಳ ಹೊತ್ತು ಕೂತ. ಆಮೇಲೆ ಒಣ ಹೆಂಟೆಗಳ ನಡುವೆ ಇಟ್ಟು ದೂರ ಬಂದ. ಹಕ್ಕಿ ಬಂತು. ಸುತ್ತ ತಿರುಗಿತು, ಕೊಕ್ಕಿನಿಂದ ಒಮ್ಮೆ ಮುಟ್ಟಿತು, ಕೂರಲಿಲ್ಲ. ಹೊತ್ತು ಇಳಿಯುವ ಮೊದಲು ಹೊಳೆಯ ದಿಕ್ಕಿಗೆ ಹಾರಿತು. ಮತ್ತೆ ಯಾರೂ ಅದನ್ನು ಕಂಡಿಲ್ಲ.

ಮರುದಿನ ಶಾಕೀರ್ ಬಂದ. ಅಷ್ಟರಲ್ಲಿ ಗದ್ದೆಪ್ಪ ತತ್ತಿಯನ್ನು ಹೂತು, ಒಡ್ಡನ್ನೂ ನೆಲಕ್ಕೆ ಸಮ ಮಾಡಿದ್ದ.

"ನಾಯಿ ತಿಂದ್ವು," ಎಂದ. "ಹಕ್ಕಿ ಹೋದ ಮ್ಯಾಲೆ ನೀರು ಬಿಟ್ಟೆ."

ಯಾರ ನಾಯಿ ಎಂದು ಶಾಕೀರ್ ಕೇಳಿದ. ಗದ್ದೆಪ್ಪ ಬಾಯಿಂದ ಹೆಸರು ಹೇಳಲಿಲ್ಲ. ಗೋಮಾಳದ ಕಡೆಗೆ ಗದ್ದ ಎತ್ತಿದ, ಅಷ್ಟೇ.

ಊರಿನವರು ದುರುಗೇಶನನ್ನು ಕರೆಸಿ ಬೈದರು. ದೇಶದಲ್ಲಿಲ್ಲದ ಹಕ್ಕಿ ನಮ್ಮೂರಿಗೆ ಬಂದರೆ ನಿನ್ನ ನಾಯಿಗೆ ಆಹಾರವಾಯಿತು, ಹಟ್ಟಿ ಕಿತ್ತುಕೊಂಡು ಹೋಗು ಎಂದರು. ಹೆಚ್ಚು ಕೂಗಾಡಿದವನು ಕರಿಬಸಪ್ಪ. ಮೂರನೆಯ ದಿನ ದುರುಗೇಶ ಕುರಿದೊಡ್ಡಿಯ ಬಲೆ, ಪಾತ್ರೆ, ಕಂಬಳಿಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಗದ್ದೆಪ್ಪನ ಮನೆ ಮುಂದೆ ಹಾದ.

"ಮಾವಾ, ನಾ ನಾಯಿ ಕಟ್ಟಿದ್ದೆ. ದಿನಾ ನೀ ನೋಡಿದ್ದಿ."

"ನನ್ನ ಯಾಕ ಕೇಳ್ತಿ? ಹೋಗಲೇ," ಎಂದು ಗದ್ದೆಪ್ಪ ಅವನ ಮೇಲೆಯೇ ಹರಿಹಾಯ್ದ. ಒಳಗಿದ್ದ ಗ್ಯಾನಮ್ಮನಿಗೆ ಎಲ್ಲ ಗೊತ್ತಿತ್ತು. ಅವಳು ಅವತ್ತು ರೊಟ್ಟಿ ಬಡಿಯಲಿಲ್ಲ. ಅವನೂ ಕೇಳಲಿಲ್ಲ.

ಹೋದ ವರ್ಷ ಮಗಳು ಮಮತಾಳನ್ನು ನೋಡಲು ಲಿಂಗಸುಗೂರಿಗೆ ಹೊರಟವನು ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಾಯಿತು. ಬಸ್ ಸ್ಟ್ಯಾಂಡಿನಲ್ಲಿ ದುರುಗೇಶನೇ ಅವನನ್ನು ಗುರುತು ಹಿಡಿದು, ಮಾವಾ ಎಂದು ಕಾಲು ಮುಟ್ಟಿದ. ಈಗ ಗುಡ್ಡದ ಕಡೆ ಹಟ್ಟಿಯಂತೆ. ಕುರಿ ಅರ್ಧಕ್ಕರ್ಧ ಆಗಿವೆ, ನಾಯಿ ಇಲ್ಲದ್ದಕ್ಕೆ ತೋಳ ಎರಡು ಸಲ ನುಗ್ಗಿತಂತೆ. ನಾಯಿ ಏನಾದವು ಎಂದು ಕೇಳುವ ಧೈರ್ಯ ಗದ್ದೆಪ್ಪನಿಗೆ ಬರಲಿಲ್ಲ. ದುರುಗೇಶ ತಾನೇ ಹೇಳಿದ.

"ಕೊಟ್ಟುಬಿಟ್ಟೆ ಮಾವಾ. ಅಂಥಾ ಹಕ್ಕೀದು ತತ್ತಿ ತಿಂದ ನಾಯಿ ಹಟ್ಟ್ಯಾಗ ಬ್ಯಾಡ ಅನಸ್ತು. ನಾ ಕಟ್ಟಿದ ಹಗ್ಗ ಸಡಲಾಗಿರಬೇಕು. ತಪ್ಪು ನಂದ."

ಗದ್ದೆಪ್ಪ ಬಾಯಿ ತೆರೆದ. ಲಿಂಗಸುಗೂರಿನ ಬಸ್ಸು ಬಂದು ನಿಂತಿತ್ತು, ಜನ ನುಗ್ಗುತ್ತಿದ್ದರು. ದುರುಗೇಶನೇ ಕಿಟಕಿಯಿಂದ ಟವೆಲ್ ಹಾಕಿ ಅವನಿಗೆ ಸೀಟು ಹಿಡಿದುಕೊಟ್ಟ.

ಆಮೇಲೆ ಗದ್ದೆಪ್ಪ ಮಗಳ ಊರಿಗೆ ನಾಲ್ಕೈದು ಸಲ ಹೋಗಿ ಬಂದಿದ್ದಾನೆ. ಈಗ ಮಸ್ಕಿಯಲ್ಲಿ ಇಳಿಯುವುದಿಲ್ಲ, ನೇರ ಬಸ್ಸು ಸಿಗುವವರೆಗೆ ಸಿಂಧನೂರಿನಲ್ಲಿಯೇ ಕಾಯುತ್ತಾನೆ. ಆ ಬಸ್ಸೂ ಮಸ್ಕಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ನಾಯಿ ತಿನ್ನಲಿಲ್ಲ, ನಾನು ಮುಳುಗಿಸಿದೆ ಎಂದು ಹೇಳಲು ಅಷ್ಟು ಹೊತ್ತು ಸಾಕು. ಆ ಮಾತು ಅವನು ದುರುಗೇಶನಿಗೆ ಇನ್ನೂ ಹೇಳಿಲ್ಲ.