ಅವನ ಬಾಯಿಗೆ ಬೇರೆಯವನ ದನಿ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಮೊಮ್ಮಗಳ ಮದುವೆ ಮುಗಿಯಲಿ ಎಂದೆ, ಆಮೇಲೆ ಕಬ್ಬು ಕಡಿದಾಗಲಿ ಎಂದೆ, ಆಮೇಲೆ ಮಂಡಿನೋವು ಇಳಿಯಲಿ ಎಂದೆ. ಮದುವೆಯಾಯಿತು, ಕಬ್ಬು ಎರಡು ಸಲ ಕಡಿದಾಯಿತು. ಮಂಡಿನೋವು ಇಳಿಯುವುದಿಲ್ಲವೆಂದು ಗೊತ್ತಾದ ಮೇಲೆ ಕೂತು ಬರೆಯುತ್ತಿದ್ದೇನೆ.

ನಾನು ಓದಿದ್ದು ಮದ್ದೂರಿನ ಹೈಸ್ಕೂಲಿನವರೆಗೆ. ಓದಿದ್ದಕ್ಕಿಂತ ಸಿನಿಮಾ ನೋಡಿದ್ದೇ ಹೆಚ್ಚು. ಅದರಲ್ಲಿ ನನ್ನದೊಂದು ಕೆಟ್ಟ ಬುದ್ಧಿ. ನಾಯಕನ ಪಕ್ಕದಲ್ಲಿ ನಿಂತ ಅಡುಗೆಯವನೋ ಪೋಸ್ಟ್‌ಮ್ಯಾನೋ ಒಂದೇ ಮಾತಿನಲ್ಲಿ ಜನರನ್ನು ಗೆದ್ದುಬಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಡೆದಾಡಿ, ಅತ್ತು, ಮೂರು ಗಂಟೆ ಕಥೆ ಹೊತ್ತವನು ನಾಯಕ. ಆಚೆ ಬಂದು ಟೀ ಅಂಗಡಿ ಮುಂದೆ ಜನ ಹೇಳುವುದು ಮಾತ್ರ, "ಆ ಪೋಸ್ಟ್‌ಮ್ಯಾನ್ ಇದ್ನಲ್ಲ, ಏನ್ ಮಾಡ್ದ ಅಂತೀಯ್ಲಾ!" ನಾಯಕನಿಗೆ ಅನ್ಯಾಯವಾಯಿತೆಂದು ನಾನು ವಾದ ಮಾಡಿ ಜಗಳಕ್ಕೂ ನಿಂತದ್ದುಂಟು. ಆ ಪೋಸ್ಟ್‌ಮ್ಯಾನಿನ ಮುಖದಲ್ಲಿ ನನಗೆ ಕಾಣುತ್ತಿದ್ದವನು ನನ್ನ ತಂಗಿಯ ಗಂಡ.

ನಾವಿಬ್ಬರೂ ಆತಗೂರಿನ ಕಡೆಯವರು. ಅವನು ನನ್ನ ತಂಗಿಯನ್ನು ಮದುವೆಯಾಗುವ ಮೊದಲೇ ನಾಟಕದ ಸಂಘದಲ್ಲಿ ಜೊತೆಗಾರರು. ನನ್ನದು ಯಾವಾಗಲೂ ರಾಜಪಾರ್ಟು. ಎತ್ತರ ಇದ್ದೆ, ಕಿರೀಟ ಒಪ್ಪುತ್ತಿತ್ತು. ಅವನದು ದ್ವಾರಪಾಲಕ, ಸಾರಥಿ, ಇಂಥವು. ನಮ್ಮ ಕಡೆ ನಾಟಕದ ಮಧ್ಯದಲ್ಲೇ ರಂಗದ ಮೇಲೆ ಹತ್ತಿ ಪಾತ್ರಧಾರಿಗೆ ಹಾರ ಹಾಕುತ್ತಾರೆ. ಯಾರು ಯಾರಿಗೆ ಹಾಕಿದರೆಂದು ಮೈಕಿನಲ್ಲಿ ಕೂಗುತ್ತಾರೆ. ನನಗೆ ಬರುತ್ತಿದ್ದ ಹಾರಗಳೆಲ್ಲ ಅತ್ತೆ ಮಾವ, ದಾಯಾದಿಗಳು, ಷಡ್ಡಕ ತಂದವು. ಹಾಕದಿದ್ದರೆ ಬೇಜಾರು ಮಾಡಿಕೊಳ್ಳುತ್ತೇನೆಂದು ಹಾಕಿದವು. ಅವನಿಗೆ ಹಾರ ತರುತ್ತಿದ್ದವರು ಮಳವಳ್ಳಿಯಿಂದಲೋ ಬಂಡೂರಿನಿಂದಲೋ ಬಂದ, ನಾವು ಮುಖ ನೋಡದ ಜನ. ಕತ್ತಿನಲ್ಲಿ ಹನ್ನೊಂದು ಹಾರ ಹೊತ್ತು ಸಿಂಹಾಸನದಲ್ಲಿ ಕೂತು, ಅವನ ಕತ್ತಿನ ಮೂರು ಹಾರ ನೋಡಿ ಹೊಟ್ಟೆ ಉರಿದುಕೊಂಡವನು ನಾನು.

ಕೆಲವು ವರ್ಷಗಳ ಹಿಂದೆ ಒಬ್ಬ ಹೊಸ ನಿರ್ದೇಶಕ ನಮ್ಮ ಕಡೆ ಸಿನಿಮಾ ತೆಗೆಯಲು ಬಂದ. ಕಥೆ ಆಲೆಮನೆಯದು. ಊರವರೇ ಪಾತ್ರ ಮಾಡಬೇಕು ಎಂದ. ಆಲೆಮನೆಯ ಮುದಿ ಯಜಮಾನನ ಪಾತ್ರ, ಅಂದರೆ ಇಡೀ ಸಿನಿಮಾ, ನನಗೆ ಸಿಕ್ಕಿತು. ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲದ ಪಾಕ ನೋಡುವ ಆಳಿನ ಪಾತ್ರ ತಂಗಿಯ ಗಂಡನಿಗೆ. ಅವನಿಗೆ ಇದ್ದದ್ದು ಎರಡು ಸೀನು, ಒಂದು ಮಾತು. ಈ ಸಲ ನನ್ನನ್ನು ಮೀರುವುದಕ್ಕೆ ಅವನಿಗೆ ಜಾಗವೇ ಇಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.

ಆ ಸೀನಿನಲ್ಲಿ ಬೆಲ್ಲ ತಡವಾಯಿತೆಂದು ನಾನು ಅವನನ್ನು ಬೈಯಬೇಕು. ಒಂದು ಪುಟ ಮಾತು, ವಾರವಿಡೀ ಕಲಿತಿದ್ದೆ. ಕೊನೆಗೆ ಅವನು "ಆಯ್ತು ಯಜಮಾನ್ರೆ" ಎಂದರೆ ಮುಗಿಯಿತು. ನಾನು ಒಂದಕ್ಷರ ತಪ್ಪದೆ ಬೈದೆ. ಅವನು "ಆಯ್ತು" ಎನ್ನಲಿಲ್ಲ. ಪಾಕದ ಒಂದು ತೊಟ್ಟನ್ನು ನೀರಿನ ಬಟ್ಟಲಿಗೆ ಬಿಟ್ಟ, ಬೆರಳಲ್ಲಿ ಉಂಡೆ ಮಾಡಿದ, ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡುತ್ತಾ ನಿಧಾನವಾಗಿ ಅಗಿದ. ಆಮೇಲೆ ಹೇಳಿದ:

"ನೀವ್ ಬಯ್ಯದು ಮುಗೀಲಿ ಅಂತ ಬೆಲ್ಲನೂ ಕಾಯ್ತಾ ಕುಂತದೆ ಯಜಮಾನ್ರೆ."

ಕ್ಯಾಮೆರಾ ಹಿಡಿದವನೇ ನಕ್ಕುಬಿಟ್ಟ. ನಿರ್ದೇಶಕ ಓಡಿ ಬಂದು ಅವನನ್ನು ತಬ್ಬಿಕೊಂಡ. "ಇದನ್ನೇ ಇನ್ನೊಂದ್ಸಲ ಮಾಡಿ ಸಾರ್." ಆ ಇನ್ನೊಂದು ಸಲಕ್ಕೆ ಕ್ಯಾಮೆರಾವನ್ನು ತಂದು ನನ್ನ ಬೆನ್ನ ಹಿಂದೆ ಇಟ್ಟರು. ನನ್ನ ಒಂದು ಪುಟ ಮಾತು ನನ್ನ ಬೋಳುತಲೆಯ ಹಿಂಭಾಗ ಹೇಳಿತು. ಅವನ ಮುಖ ಪೂರ್ತಿ ಕಾಣುತ್ತಿತ್ತು.

ಗಾಣದ ಸದ್ದಿನಲ್ಲಿ ಮಾತು ಸರಿಯಾಗಿ ಹಿಡಿದಿರಲಿಲ್ಲ. ಹಾಗಾಗಿ ನಾವು ಬೆಂಗಳೂರಿಗೆ ಹೋಗಿ, ಪರದೆ ನೋಡಿಕೊಂಡು ಮತ್ತೆ ಮಾತಾಡಬೇಕಿತ್ತು. ಡಬ್ಬಿಂಗ್ ಎನ್ನುತ್ತಾರೆ. ತಂಗಿಯ ಗಂಡ ಫೋನು ಇಟ್ಟುಕೊಂಡವನಲ್ಲ. ಮ್ಯಾನೇಜರು ನನಗೇ ಫೋನು ಮಾಡಿದ.

"ಗುರುವಾರ ಇಬ್ರೂ ಬಂದ್ಬಿಡಿ ಯಜಮಾನ್ರೆ. ಆ ಪಾಕದವ್ರನ್ನ ಮಾತ್ರ ಮರೀಬೇಡಿ."

ಆ 'ಮಾತ್ರ' ಎಂಬುದು ನನಗೆ ಚುಚ್ಚಿತು. "ಅವನಿಗೆ ಗಂಟಲು ಕೆಟ್ಟಿದೆ. ತಿಂಗಳು ಮಾತಾಡಬಾರದು ಅಂದವ್ರೆ ಡಾಕ್ಟ್ರು" ಎಂದೆ. ನಾಲಿಗೆ ತಡವರಿಸಲೂ ಇಲ್ಲ. ನಾಟಕದ ಅಭ್ಯಾಸ.

ಗುರುವಾರ ಮದ್ದೂರಿನಲ್ಲಿ ಒಬ್ಬನೇ ರೈಲು ಹತ್ತಿದೆ. ಬೆಂಗಳೂರಿನಲ್ಲಿ ಕಂಚಿನ ಕಂಠದ ಯಾರೋ ಕಲಾವಿದ ಅವನ ಮಾತನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿ, ಟೀ ಕುಡಿದು ಹೊರಟುಹೋದ. ಮಾತು ಅದೇ. ತಂಗಿಯ ಗಂಡನದು ಒಡಕು ಗಂಟಲು, ಮಾತಿನ ಕೊನೆಗೆ ಒಂದು ಎಳೆತವಿತ್ತು. ಅದು ಇರಲಿಲ್ಲ. ಈಗ ಆಯಿತು ಎಂದುಕೊಂಡೆ.

ಸಿನಿಮಾ ಮಳವಳ್ಳಿಯ ಟಾಕೀಸಿಗೆ ಬಂದಾಗ ಊರಿನವರೆಲ್ಲ ಟೆಂಪೋ ಮಾಡಿಕೊಂಡು ಹೋದೆವು. ನನ್ನ ಎಡಕ್ಕೆ ತಂಗಿ, ಅವಳ ಆಚೆಗೆ ಅವಳ ಗಂಡ. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಅಷ್ಟರಲ್ಲಾಗಲೇ ಹೋಗಿತ್ತು. ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣದು. ಆದರೂ ಹೊಸ ಸೀರೆ ಉಟ್ಟು, "ಕಾಣ್ದಿದ್ರೇನು, ಕೇಳ್ತದಲ್ಲ" ಎಂದು ಬಂದಿದ್ದಳು.

ಪರದೆಯ ಮೇಲೆ ಅವನು ಉಂಡೆ ಬಾಯಿಗೆ ಹಾಕಿಕೊಂಡು ಅಗಿಯಲು ಶುರುಮಾಡಿದೊಡನೆ ಟಾಕೀಸು ನಗಲು ಶುರುಮಾಡಿತು. ಮಾತು ಇನ್ನೂ ಬಂದೇ ಇರಲಿಲ್ಲ. ಸುಮ್ಮನೆ ನಿಂತು ಅಗಿದದ್ದಕ್ಕೇ ಶಿಳ್ಳೆ ಬಿತ್ತು. ದನಿ ಕಿತ್ತುಕೊಂಡರೂ ಅವನು ನನ್ನನ್ನು ಮೀರಿಬಿಟ್ಟಿದ್ದ. ಆಮೇಲೆ ಆ ಕಂಚಿನ ಕಂಠ ಬಂತು. ಚಪ್ಪಾಳೆಯೋ ಚಪ್ಪಾಳೆ.

ತಂಗಿ ನನ್ನ ತೋಳು ಹಿಡಿದಳು. "ಯಾರ್ಗಣ್ಣ ಇಂಗ್ ಚಪ್ಪಾಳೆ ತಟ್ತಾವ್ರೆ?"

"ನಿನ್ನ ಗಂಡನಿಗೇ ಕಣವ್ವ."

"ಸುಮ್ಕಿರಣ್ಣ. ಅವ್ರ ದನಿ ನಂಗ್ ಗೊತ್ತಿಲ್ವಾ? ನಮ್ಮೆಜಮಾನ್ರು ಯಾವಾಗ್ ಬತ್ತಾರೆ?"

ಹಿಂದಿನ ಸಾಲಿನ ಹೆಂಗಸು, "ಅಯ್ಯೋ, ಬಂದು ಓದ್ರಲ್ಲಕ್ಕಾ!" ಎಂದು ನಕ್ಕಳು. ಪಕ್ಕದಲ್ಲಿದ್ದ ಗಂಡನೇ "ನಾನೇ ಕಣೆ ಅದು" ಅಂದರೂ ತಂಗಿ ನಂಬಲಿಲ್ಲ. ಸಿನಿಮಾ ಮುಗಿಯುವವರೆಗೂ ಕಿವಿಯನ್ನು ಪರದೆಯ ಕಡೆ ತಿರುಗಿಸಿ ಕಾದಳು. ಆಚೆ ಬಂದ ಮೇಲೆ ಮೆಲ್ಲಗೆ ಅಂದಳು: "ಕಣ್ ಕಾಣಾಕಿಲ್ಲ ಅಂತ ಎಲ್ರೂ ಸೇರಿ ನನ್ನ ಆಟ ಆಡ್ಸಿದ್ರಾ ಅಣ್ಣ?" ನಾನು ಕೇಳಿಸದವನಂತೆ ಟೆಂಪೋ ಹುಡುಕಿದೆ.

ಅವಳ ಗಂಡ ಯಾರನ್ನೂ ದೂರಲಿಲ್ಲ. "ನನ್ ಗಂಟ್ಲು ಸಿನಿಮಾಕ್ಕೆ ಒಗ್ಗಾಕಿಲ್ಲ ಅನ್ಸ್ತದೆ ಬಾವ, ಅದ್ಕೆ ತೆಗ್ದವ್ರೆ" ಎಂದಷ್ಟೇ ಹೇಳಿದ. ಮುಂದಿನ ವರ್ಷ ಸಂಘದವರು ಕರೆದರೆ ಪಾರ್ಟು ಬೇಡ ಎಂದ. ರಾಜಪಾರ್ಟು ನಾನೊಬ್ಬನೇ ಕುಣಿದೆ. ಎದುರಿಗೆ ಹೊಸ ದ್ವಾರಪಾಲಕ ನಿಂತಿದ್ದ, ಅವನ ಕಡೆ ಯಾರೂ ನೋಡಲಿಲ್ಲ. ನೋಡಿ, ಆಗ ನನಗೆ ಸಮಾಧಾನವಾಗಬೇಕಿತ್ತು. ಜನ ನನ್ನ ಕಡೆಯೂ ನೋಡಲಿಲ್ಲ.

ಅವನಿಗೆ ಹೇಳಿದೆ. ಅಷ್ಟು ಮಾತ್ರ ಮಾಡಿದ್ದೇನೆ. ಮಂಡ್ಯದ ಆಸ್ಪತ್ರೆಗೆ ಅವನ ಎದೆ ತೋರಿಸಲು ಕರೆದುಕೊಂಡು ಹೋಗಿ, ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಎಲ್ಲ ಹೇಳಿ ಕೈ ಮುಗಿದೆ. ಮುಗಿದ ಕೈಯನ್ನು ಅವನು ಹಿಡಿದು ಕೆಳಗಿಳಿಸಿದ.

"ನಿಜ್ವಾಗ್ಲೂ ಒಟ್ಟೆಕಿಚ್ಚಾ ಬಾವ?"

"ಊಂ."

"ಅಂಗಾದ್ರೆ ನಾನ್ ಚೆನ್ನಾಗೇ ಮಾಡಿದ್ದೆ ಅನ್ನು!" ಎಂದು ನಕ್ಕ. ನಗು ಕೆಮ್ಮಾಯಿತು. ಆಮೇಲೆ, "ನಂಗೇನಿಲ್ಲ ಬುಡು. ಅವ್ಳಿಗ್ ಮಾತ್ರ ನೀನೇ ಏಳು. ನಾನ್ ಏಳುದ್ರೆ ನಂಬಾಕಿಲ್ಲ" ಎಂದ. ಆಗಲಿ, ಹೇಳುತ್ತೇನೆ ಎಂದೆ. ನಾಲ್ಕು ತಿಂಗಳಿಗೆ ಅವನು ಹೋದ.

ಅವನ ದನಿ ಎಲ್ಲೂ ಉಳಿದಿಲ್ಲ. ನಮ್ಮ ನಾಟಕಗಳನ್ನು ಯಾರೂ ಹಿಡಿದಿಡಲಿಲ್ಲ. ಉಳಿಯಬಹುದಾಗಿದ್ದದ್ದು ಆ ಒಂದೇ ಒಂದು ಮಾತು. ಈಗಲೂ ಮನೆಯವರು ಮೊಬೈಲಿನಲ್ಲಿ ಆ ಸಿನಿಮಾ ಹಾಕಿದರೆ ನನ್ನ ಸೀನುಗಳನ್ನೆಲ್ಲ ಓಡಿಸಿ ನೇರ ಪಾಕದ ಸೀನಿಗೆ ಬರುತ್ತಾರೆ. ಸತ್ತವನ ಮೇಲೂ ಒಂದು ಕ್ಷಣ ಉರಿ ಏಳುತ್ತದೆ, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಜಗಲಿಯ ಮೂಲೆಯಿಂದ ಮಾತು ಬರುತ್ತದೆ: "ಆರ್ಸ್ರಪ್ಪ ಅದ. ಯಾರ್ದೋ ದನಿ ಅದು. ನಮ್ಮೆಜಮಾನ್ರು ಆ ಸಿನಿಮಾದಾಗೆ ಇಲ್ವೇ ಇಲ್ಲ."

ಹಾಗನ್ನುವವಳು, ಇವತ್ತಿನವರೆಗೂ ನಾನು ಯಾರಿಗೆ ತಪ್ಪಾಯಿತು ಎಂದು ಹೇಳಿಲ್ಲವೋ ಅವಳು, ನನ್ನ ಒಡಹುಟ್ಟಿದ ತಂಗಿ.