ಮನೆಯ ಕಾಯಿಗೆ ಎಂತ ಲೆಕ್ಕ

ನನ್ನ ಇಡೀ ಆಯುಷ್ಯದಲ್ಲಿ ನಾನು ಒಬ್ಬನೇ ಶಿಷ್ಯನಿಗೆ ಒಂದೇ ವಿದ್ಯೆಯನ್ನು ಕಲಿಸಿದ್ದೇನೆ. ಒಂದು ಎಲೆ ಊಟಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂದು ಹೇಳುವ ವಿದ್ಯೆ. ಶಿಷ್ಯರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ತೂಕದಲ್ಲಿ ನನ್ನ ಎರಡರಷ್ಟು, ಕೈಯಲ್ಲಿ ಸದಾ ಸೌಟು ಇರುತ್ತಿತ್ತು. ಇಂಥ ಶಿಷ್ಯನಿಗೆ ಬೆತ್ತ ತೋರಿಸಿ ಪಾಠ ಹೇಳುವುದು ಶಾಸ್ತ್ರಸಮ್ಮತವಾದರೂ ಕ್ಷೇಮಕರವಲ್ಲ.

ಆಣೆ ಹೋಗಿ ಹೊಸ ಪೈಸೆ ಬಂದು ಮೂರು ನಾಲ್ಕು ವರ್ಷವಾಗಿದ್ದ ಕಾಲ. ಉಡುಪಿಯ ಬಸ್ ನಿಲ್ದಾಣದ ಸಮೀಪದ ಒಂದು ಹೋಟೆಲಿನಲ್ಲಿ ನಾನು ರೈಟರ್. ಒಳಗೆ ಬಂದ ಸಾಮಾನು, ಗಲ್ಲಾಕ್ಕೆ ಬಂದ ಹಣ, ಒಡೆದ ಗ್ಲಾಸು, ಇವಿಷ್ಟನ್ನು ಬರೆದಿಡುವುದು ನನ್ನ ಉದ್ಯೋಗ. ಒಳಗಿನ ಅಡಿಗೆಮನೆಯ ಸಾಮ್ರಾಜ್ಯ ಮುಂದೆ ನನ್ನ ಶಿಷ್ಯರಾದ ಭಟ್ಟರದು. ಅವರ ಸಾರು ಕುಡಿಯಲೆಂದೇ ಅಂಬಲಪಾಡಿಯಿಂದ ಬಿಸಿಲಲ್ಲಿ ನಡೆದು ಬರುವವರಿದ್ದರು. ಒಬ್ಬರು ಪಿಂಚಣಿದಾರರಂತೂ ಸಾರು ಮುಗಿದ ದಿನ ಮೌನವಾಗಿ ಕೊಡೆ ಬಿಡಿಸಿ, ಸಾವಿನ ಮನೆಯಿಂದ ಹೊರಟವರ ಹಾಗೆ ಹೊರಟುಹೋಗುತ್ತಿದ್ದರು.

ಇಂಥ ಭಟ್ಟರು ನಮ್ಮಲ್ಲಿ ಸಂಬಳಕ್ಕೆ ಏಕಿದ್ದರು ಎಂದರೆ, ಅವರ ಸ್ವಂತ ಹೋಟೆಲು ಮುಚ್ಚಿತ್ತು. ಅದು ಇದ್ದದ್ದು ಹಿರಿಯಡ್ಕದಲ್ಲಿ. ಎರಡು ವರ್ಷ ನಡೆಯಿತು. ದಿನವೂ ಜನ, ಬೆಂಚಿಗಾಗಿ ಕಾಯುವ ಜನ. ಊಟ ಎಂಟಾಣೆ. ಊರಿಗೆ ಊರೇ ಹೊಗಳಿತು, ಹೋಟೆಲು ಮುಚ್ಚಿತು. ಹೀಗೇಕಾಯಿತೆಂದು ಊರಿಗೂ ತಿಳಿಯಲಿಲ್ಲ, ಭಟ್ಟರಿಗೂ ತಿಳಿಯಲಿಲ್ಲ. ಯಾರೋ ಕಣ್ಣು ಹಾಕಿದರು ಎಂಬ ತೀರ್ಮಾನಕ್ಕೆ ಅವರ ಮನೆಯವರು ಬಂದಿದ್ದರು.

ಅಷ್ಟರಲ್ಲಿ ಮಣಿಪಾಲದ ಗುಡ್ಡದ ಮೇಲೆ, ಪರವೂರಿನ ಹುಡುಗರಿಗಾಗಿ ಕೆಲವರು ಸೇರಿ ಒಂದು ವಿದ್ಯಾರ್ಥಿ ನಿಲಯ ತೆರೆದರು. ಊಟದ ವಹಿವಾಟನ್ನು ವಹಿಸಿಕೊಳ್ಳುವವರು ಬೇಕಿತ್ತು. ಎಲೆಯೊಂದಕ್ಕೆ ದರ ಹೇಳಬೇಕು, ಸಮಿತಿ ಒಪ್ಪಬೇಕು. ಭಟ್ಟರಿಗೆ ಆಸೆಯಿತ್ತು. ಮತ್ತೊಮ್ಮೆ ತಮ್ಮದೇ ಅಡಿಗೆಮನೆ ಇರಬೇಕೆಂಬ ಆಸೆ, ಐವತ್ತರ ಹತ್ತಿರ ಬಂದ ಮೇಲೆ ಇನ್ನು ಸಿಗಲಾರದೆಂಬ ಹೆದರಿಕೆ, ಎರಡೂ ಒಟ್ಟಿಗೆ.

ಒಂದು ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ರೈಟ್ರೇ, ಒಂದು ಉಪಕಾರ ಆಗ್ಬೇಕಿತ್ತು. ದರ ಎಷ್ಟು ಹೇಳುವುದು ಅಂತ ನೀವೇ ಬರೆದು ಕೊಡಿ. ನಾನು ಓದಿ ಹೇಳಿ ಬರ್ತೇನೆ."

"ಅವರು ಹೇಗೆ ಅಂತ ಕೇಳಿದ್ರೆ?"

"ಕೇಳ್ತಾರಾ?" ಭಟ್ಟರ ಮುಖ ತಣಿದ ಅನ್ನದ ಹಾಗಾಯಿತು. "ಹಾಗಾದ್ರೆ ಬೇಡ ಮಾರಾಯ್ರೆ. ನನಗೆ ಈ ಪೈಸೆಯ ಲೆಕ್ಕ ಆಗುವುದೇ ಇಲ್ಲ. ಆಣೆಗೆ ಆರು ಪೈಸೆ ಅಂತಾರೆ. ನಾಲ್ಕಾಣೆಗೆ ಇಪ್ಪತ್ತೈದು ಅಂತಾರೆ. ನಾಲ್ಕಾರಲೆ ಇಪ್ಪತ್ತನಾಲ್ಕಲ್ವಾ? ಆ ಒಂದು ಪೈಸೆ ಕೊಡುವುದು ಯಾರು?"

ಕೇಂದ್ರ ಸರ್ಕಾರ ಉತ್ತರಿಸಬೇಕಾದ ಪ್ರಶ್ನೆಗೆ ನಾನು ಉತ್ತರಿಸುವುದು ಉಚಿತವಲ್ಲವೆಂದು, ಲೆಕ್ಕವನ್ನು ನಾನೇ ಕಲಿಸಿಕೊಡುತ್ತೇನೆ ಎಂದೆ.

ಪಾಠ ಮರುದಿನವೇ ಶುರುವಾಯಿತು. ಪಾಠಶಾಲೆ ಉಗ್ರಾಣ, ಪೀಠ ಕಾರ್ಕಳದಿಂದ ಬಂದ ಕುಚ್ಚಲಕ್ಕಿಯ ಮೂಟೆ. ಮೊದಲ ದಿನ ನಾನು ಕಾಗದ ಮತ್ತು ಪೆನ್ಸಿಲು ಕೊಟ್ಟೆ. ಕುದಿಯುವ ಎಣ್ಣೆಯಲ್ಲಿ ಹಪ್ಪಳವನ್ನು ಬರಿಗೈಯಲ್ಲಿ ಮಗುಚಬಲ್ಲ ಮನುಷ್ಯ ಆ ಪೆನ್ಸಿಲನ್ನು ಚೇಳು ಹಿಡಿದಂತೆ ಹಿಡಿದರು. ಹಣೆಯಿಂದ ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು. ಎರಡನೆಯ ದಿನ ಪೆನ್ಸಿಲು ಮುರಿಯಿತು. ಮೂರನೆಯ ದಿನ ನಾನು ಕಾಗದವನ್ನು ಸಾಸಿವೆ ಕಟ್ಟಲು ಕೊಟ್ಟುಬಿಟ್ಟೆ.

"ಭಟ್ರೇ, ನೂರು ಎಲೆ ಮದುವೆಗೆ ಅಕ್ಕಿ ಎಷ್ಟು ಬೇಕು?"

ಭಟ್ಟರು ಯೋಚಿಸಲೇ ಇಲ್ಲ. ಅಕ್ಕಿ, ಬೇಳೆ, ಬೆಲ್ಲ, ಸೌತೆಕಾಯಿ, ಉಪ್ಪಿನಕಾಯಿ, ಮಜ್ಜಿಗೆ, ಕಟ್ಟಿಗೆ, ಮಂತ್ರ ಹೇಳಿದ ಹಾಗೆ ಹೇಳಿದರು. ಗಂಡಿನ ಕಡೆಯವರು ಘಟ್ಟದವರಾದರೆ ಅನ್ನ ಎಷ್ಟು ಹೆಚ್ಚು ಎಂಬುದನ್ನೂ ಸೇರಿಸಿದರು.

"ಇದನ್ನು ದಿನಾ ನಡೆಯುವ ಮದುವೆ ಅಂತ ತಿಳ್ಕೊಳ್ಳಿ," ಎಂದೆ. "ನೂರು ಎಲೆ. ಪೇಟೆಯ ಕ್ರಯ ನಿಮಗೆ ಗೊತ್ತುಂಟು. ಒಟ್ಟು ಎಷ್ಟು ರೂಪಾಯಿ ಹೇಳಿ."

ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿತು.

"ಹಿರಿಯಡ್ಕದಲ್ಲಿ ಮಾಡ್ತಿದ್ದ ಹಾಗೇ ಮಾಡಿದ್ರೆ, ಆಳಿನ ಕೂಲಿಯೂ ಸೇರಿ ನಲವತ್ನಾಲ್ಕು."

"ನೂರು ಎಲೆಗೆ ನಲವತ್ನಾಲ್ಕು ರೂಪಾಯಿ. ಅಂದ್ರೆ ಒಂದು ಎಲೆಗೆ ನಲವತ್ನಾಲ್ಕು ಪೈಸೆ. ಲೆಕ್ಕ ಮುಗಿಯಿತು."

"ಭಾಗಾಕಾರ ಬೇಡ್ವಾ?"

"ಸರ್ಕಾರ ರೂಪಾಯಿಗೆ ನೂರು ಪೈಸೆ ಮಾಡಿ ನಿಮ್ಮ ಪರವಾಗಿ ಭಾಗಿಸಿಟ್ಟಿದೆ. ನೂರು ಎಲೆಗೆ ಎಷ್ಟು ರೂಪಾಯಿಯೋ, ಎಲೆಗೆ ಅಷ್ಟೇ ಪೈಸೆ."

ಭಟ್ಟರು ನನ್ನನ್ನು ನೋಡಿದರು. ಆಮೇಲೆ ಗೋಡೆಯನ್ನು ನೋಡಿದರು. ನಿಧಾನವಾಗಿ ಅವರ ಹೊಟ್ಟೆ ಕುಲುಕತೊಡಗಿತು. ನಗು ಹೊರಗೆ ಬಂದಾಗ ಕಪಾಟಿನ ಡಬ್ಬಿಗಳು ಸದ್ದು ಮಾಡಿದವು. "ಇಷ್ಟೇಯಾ! ಇಷ್ಟಕ್ಕೆ ನಾನು ಬೆವರಿದ್ದಾ!" ಆ ಸಂಜೆ ಅವರು ಕಂಡದ್ದನ್ನೆಲ್ಲ ನೂರರಿಂದ ಗುಣಿಸಿ ಪೈಸೆಗೆ ಇಳಿಸಿದರು. ಗಿರಾಕಿಗಳಿಗೂ ಹೇಳಿದರು. ಪಿಂಚಣಿದಾರರಿಗೆ ಸಾರಿನ ಒಂದು ಸೌಟಿನ ಅಸಲು ಬೆಲೆ ತಿಳಿಸಿದ್ದು ಮಾತ್ರ ನಮ್ಮ ಯಜಮಾನರಿಗೆ ಹಿಡಿಸಲಿಲ್ಲ.

ಆದರೆ ಒಂದು ತೊಡಕು ಉಳಿಯಿತು. ಎಲೆಗೆ ನಲವತ್ನಾಲ್ಕು ಪೈಸೆ ಖರ್ಚು, ಎಂಟಾಣೆಗೆ, ಅಂದರೆ ಐವತ್ತು ಪೈಸೆಗೆ, ಮಾರಾಟ. ಎಲೆಗೆ ಆರು ಪೈಸೆ ಲಾಭ ಬಂದ ಹೋಟೆಲು ಮುಚ್ಚಿದ್ದೇಕೆ? ಮರುದಿನ ನಾವಿಬ್ಬರೂ ಉಗ್ರಾಣದಲ್ಲಿ ಕುಳಿತು ಈ ಬ್ರಹ್ಮರಹಸ್ಯವನ್ನು ಭೇದಿಸಲು ಹೊರಟೆವು. ಭಟ್ಟರು ಹೆರೆಮಣೆಯ ಮೇಲೆ ಕುಳಿತು ಸಂಜೆಯ ಚಟ್ನಿಗೆ ಕಾಯಿ ಹೆರೆಯುತ್ತಿದ್ದರು.

"ನಮ್ಮ ಯಜಮಾನ್ರಿಗೂ ಎಂಟಾಣೆಯೇ," ಎಂದರು. "ಅವರಿಗೆ ಅಕ್ಕಿಯೂ ಅದೇ, ಬೇಳೆಯೂ ಅದೇ. ಅದರ ಮೇಲೆ ಪಾಪ, ಕಾಯಿಗೂ ದುಡ್ಡು ಕೊಡ್ತಾರೆ. ಮೂವತ್ತು ಕಾಯಿ ಹಾಕುವಲ್ಲಿ ಇಪ್ಪತ್ತು ಹಾಕು ಅಂತ ನನ್ನ ಹತ್ರ ದಿನಾ ಗಲಾಟೆ."

"ನಿಮ್ಮ ನಲವತ್ನಾಲ್ಕರಲ್ಲಿ ಕಾಯಿ ಎಷ್ಟು ಹಿಡಿದಿರಿ?"

"ಕಾಯಿಯಾ?" ಅವರು ನನ್ನ ತಲೆ ಸರಿ ಉಂಟಾ ಎಂಬಂತೆ ನೋಡಿದರು. "ಮನೆಯ ಕಾಯಿಗೆ ಎಂತ ಲೆಕ್ಕ ಮಾರಾಯ್ರೆ? ಹಿತ್ತಲಿನದ್ದು."

ನನಗೂ ಅದು ತಪ್ಪೆಂದು ಕೂಡಲೇ ಅನಿಸಲಿಲ್ಲ. ನಮ್ಮ ಕಡೆ ಮನೆಯ ತೆಂಗಿನಕಾಯಿ ಎಂದರೆ ಗಾಳಿ, ಬೆಳಕು, ಬಾವಿಯ ನೀರು ಇದ್ದ ಹಾಗೆ. ಕಾಯಿ ಕ್ರಯಕ್ಕೆ ತಂದರೆ ಮರ್ಯಾದೆಗೆ ಅಂಜಿ ಬಾಗಿಲು ಹಾಕಿಕೊಂಡು ಒಡೆಯುವ ಮನೆಗಳಿದ್ದವು.

"ಹೋಟೆಲ್ ಮಾಡುವ ಮೊದಲು ಆ ಕಾಯಿ ಎಂತ ಮಾಡ್ತಿದ್ರಿ?" ಎಂದು ಸುಮ್ಮನೆ ಕೇಳಿದೆ.

"ಮಾರ್ತಿದ್ದೆವು. ವ್ಯಾಪಾರಿ ಗಾಡಿ ತಂದು ತುಂಬಿಸಿಕೊಂಡು ಹೋಗ್ತಿದ್ದ. ಮನೆಯ ಜವಳಿ, ಮಳೆಗಾಲದ ಅಕ್ಕಿ, ಎಲ್ಲ ಅದರಲ್ಲೇ. ಹೋಟೆಲ್ ಮಾಡಿದ ಮೇಲೆ ಅವನು ಬರ್ಲಿಲ್ಲ. ಕೊಡ್ಲಿಕ್ಕೆ ಕಾಯಿ ಉಳಿದರಲ್ವಾ..."

ಹೆರೆಮಣೆಯ ಸದ್ದು ನಿಂತಿತು. ಅರ್ಧ ಹೆರೆದ ಕಾಯಿಯ ಹೋಳು, ನಮ್ಮ ಕಡೆಯ ಗಡಿ, ಕೈಯಲ್ಲೇ ಉಳಿಯಿತು. ಭಟ್ಟರ ಹೆಬ್ಬೆರಳು ಮಾತ್ರ ತನ್ನಷ್ಟಕ್ಕೆ ಗೆಣ್ಣುಗಳ ಮೇಲೆ ಹತ್ತಿ ಇಳಿಯಿತು.

"ನೂರು ಎಲೆಗೆ ಮೂವತ್ತು ಕಾಯಿ. ಕಾಯಿಗೆ ನಾಲ್ಕಾಣೆ. ಏಳೂವರೆ ರೂಪಾಯಿ. ನಲವತ್ನಾಲ್ಕು, ಏಳೂವರೆ... ಐವತ್ತೊಂದೂವರೆ." ಅವರು ತಲೆಯೆತ್ತಿದರು. "ರೈಟ್ರೇ, ಎರಡು ವರ್ಷ ನಾನು ಎಲೆಗೆ ಒಂದೂವರೆ ಪೈಸೆ ದಕ್ಷಿಣೆ ಇಟ್ಟು ಹಿರಿಯಡ್ಕಕ್ಕೆ ಊಟ ಹಾಕಿದ್ದೇನೆ!"

ನಾನು ಗಂಭೀರವಾಗಿರಲು ಪ್ರಯತ್ನಿಸಿದೆ. ಮೊದಲು ನಕ್ಕವರು ಅವರೇ.

"ಕಣ್ಣು ಹಾಕಿದವರು ಯಾರು ಅಂತ ಗೊತ್ತಾಯ್ತು," ಎಂದರು ಗಡಿಯ ಮೂರು ಕಣ್ಣುಗಳನ್ನು ನನಗೆ ತೋರಿಸುತ್ತ. "ಇದೇ."

ಸಮಿತಿಯ ಸಭೆಗೆ ನಾವಿಬ್ಬರೂ ಮಣಿಪಾಲದ ಗುಡ್ಡ ಹತ್ತಿದೆವು. ನನ್ನನ್ನು ಕರೆದೊಯ್ದದ್ದು ಧೈರ್ಯಕ್ಕೆ. ಅಧ್ಯಕ್ಷರು ಕಾಪುವಿನ ದೊಡ್ಡ ಜಮೀನುದಾರರು, ಕಡಲ ಬದಿಯಲ್ಲಿ ಕಣ್ಣು ಹರಿಯುವಷ್ಟು ದೂರ ತೆಂಗು. ನಮಗಿಂತ ಮೊದಲೇ ಕಾರ್ಕಳದ ಒಬ್ಬ ಅಡಿಗೆಯವರು ಬಂದು ನಲವತ್ತೆಂಟು ಪೈಸೆ ಹೇಳಿ ವೀಳ್ಯ ಮೆಲ್ಲುತ್ತ ಕುಳಿತಿದ್ದರು. ಭಟ್ಟರು ಹೇಳಿದ್ದು ಐವತ್ತೇಳು. ಖರ್ಚು ಐವತ್ತೊಂದೂವರೆ, ಉಳಿದದ್ದು ತಮ್ಮ ಸಂಪಾದನೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ದನಿ ನಡುಗಲಿಲ್ಲ.

"ಕಾಯಿಗೂ ಕ್ರಯ ಹಾಕಿದ್ದೀರಾ?" ಅಧ್ಯಕ್ಷರ ಹುಬ್ಬು ಮೇಲೇರಿತು. "ನಿಮಗೆ ಹಿತ್ತಿಲು ಉಂಟಲ್ವಾ?"

"ಉಂಟು ಯಜಮಾನ್ರೇ. ನಿಮಗೂ ಉಂಟು. ನಿಮ್ಮಲ್ಲಿ ವ್ಯಾಪಾರಿ ಹಾಗೇ ತೆಗೊಂಡು ಹೋಗ್ತಾನಾ?"

ಭಟ್ಟರು ಕಾರ್ಕಳದವರ ಕಡೆ ತಿರುಗಿದರು.

"ನೀವು ಕಾಯಿ ಲೆಕ್ಕಕ್ಕೆ ಹಿಡಿದಿದ್ದೀರಾ?"

"ಮನೆಯದ್ದಲ್ವಾ, ಅದಕ್ಕೆಂತ ಲೆಕ್ಕ?" ಎಂದರು ಅವರು, ವೀಳ್ಯವನ್ನು ಒಂದು ದವಡೆಗೆ ಸರಿಸಿ.

"ಹಾಗಾದ್ರೆ ಒಳ್ಳೆಯ ಊಟ ಹಾಕ್ತಾರೆ ಯಜಮಾನ್ರೇ, ಎರಡು ವರ್ಷ. ಆಮೇಲೆ ಮುಚ್ಚುತ್ತಾರೆ. ಸುಳ್ಳಲ್ಲ, ನಾನು ಮುಚ್ಚಿ ನೋಡಿದ್ದೇನೆ."

ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ. "ಎರಡು ಪೈಸೆ ಬಿಡಿ. ಐವತ್ತೈದು ಮಾಡಿ, ಇಲ್ಲೇ ಮುಗಿಸುವ," ಎಂದರು.

ಹಿಂದಿನ ಭಟ್ಟರಾಗಿದ್ದರೆ ಕೈಮುಗಿದು ಒಪ್ಪಿಬಿಡುತ್ತಿದ್ದರು. ಕೆಲಸ ತಪ್ಪಿಹೋದೀತೆಂದು ನಾನೇ ಅವರ ಶಾಲಿನ ತುದಿ ಎಳೆದೆ. ಭಟ್ಟರು ಕಣ್ಣು ಮುಚ್ಚಿದರು. ಹೆಬ್ಬೆರಳು ಚಲಿಸಿತು.

"ಎಲೆಗೆ ಎರಡು ಪೈಸೆ ಅಂದ್ರೆ ನೂರು ಎಲೆಗೆ ಎರಡು ರೂಪಾಯಿ. ಎರಡು ರೂಪಾಯಿ ಅಂದ್ರೆ ಎಂಟು ಕಾಯಿ. ಎಂಟು ಕಾಯಿ ತೆಗೆದ್ರೆ ಸಾಂಬಾರು ನೀರು, ಚಟ್ನಿ ಇಲ್ಲ, ಆದಿತ್ಯವಾರದ ಪಾಯಸ ಇಲ್ಲ. ಆಗ್ಬಹುದಾದ್ರೆ ಹೇಳಿ, ಐವತ್ತೈದು ಮಾಡುವ."

ಅಧ್ಯಕ್ಷರು ಮೇಜಿನ ಮೇಲಿದ್ದ ಸಮಿತಿಯ ಪುಸ್ತಕವನ್ನು ಪಕ್ಕದವರ ಕಡೆ ಸರಿಸಿದರು.

"ಪಾಯಸ ಇರ್ಲಿ," ಎಂದರು ಕೊನೆಗೆ. "ಐವತ್ತೇಳೇ ಬರೆಯಿರಿ."

ಆ ಬಳಿಕ ಅವರು ಕಾಪುವಿನ ತಮ್ಮ ಮನೆಯಲ್ಲೂ ಚಟ್ನಿಯ ಅಸಲು ಬೆಲೆಯ ಪ್ರಸ್ತಾಪ ಎತ್ತಿದರೆಂದೂ, ಒಳಗಿನಿಂದ ಬಂದ ಉತ್ತರ ಕೇಳಿ ಆ ವಿಷಯವನ್ನು ಶಾಶ್ವತವಾಗಿ ಕೈಬಿಟ್ಟರೆಂದೂ ಕೇಳಿದ್ದೇನೆ.

ಎರಡು ವರ್ಷ ಕಳೆಯಿತು, ಮೂರು ಕಳೆಯಿತು, ಮೆಸ್ಸು ಮುಚ್ಚಲಿಲ್ಲ. ಹಿರಿಯಡ್ಕದ ಮನೆಗೆ ಕಾಯಿ ವ್ಯಾಪಾರಿಯ ಗಾಡಿ ಮತ್ತೆ ಬರಲಿಲ್ಲ, ನಿಜ. ಈಗ ಆ ಕಾಯಿಯನ್ನು ಭಟ್ಟರೇ ಮೆಸ್ಸಿನ ಹಣದಿಂದ ತಮ್ಮ ಹೆಂಡತಿಯ ಕೈಗೆ ಕ್ರಯ ಕೊಟ್ಟು ತರುತ್ತಿದ್ದರು. ಆಕೆ ಚೌಕಾಸಿಗೆ ಬಗ್ಗುವವರಲ್ಲ ಎಂದು ಹೆಮ್ಮೆಯಿಂದ ದೂರುತ್ತಿದ್ದರು.

ಒಂದು ಆದಿತ್ಯವಾರ ನಾನು ಗುಡ್ಡ ಹತ್ತಿ ಹೋಗಿ ಹುಡುಗರ ಪಂಕ್ತಿಯಲ್ಲಿ ಕುಳಿತು ಉಂಡೆ. ಪಾಯಸ ಎರಡು ಸಲ ಬಂತು. ಕೈತೊಳೆದು ಬಂದು ಜೇಬಿಗೆ ಕೈ ಹಾಕಿದಾಗ ಭಟ್ಟರಿಗೆ ಸಿಟ್ಟೇ ಬಂತು.

"ಎಂತ ರೈಟ್ರೇ? ನಿಮ್ಮ ಹತ್ರ ದುಡ್ಡು ತೆಗೊಳ್ಳುವುದಾ ನಾನು?"

ನಾನು ಕೈ ಹಿಂದಕ್ಕೆ ತೆಗೆದೆ. ಗುರುವಿಗೆ ಸಲ್ಲಬೇಕಾದ ಗೌರವವನ್ನು ನಿರಾಕರಿಸುವಷ್ಟು ದೊಡ್ಡವನಲ್ಲ ನಾನು. ಭಟ್ಟರು ಒಳಗೆ ಹೋದವರು ಬಾಗಿಲಲ್ಲಿ ನಿಂತರು, ಏನೋ ನೆನಪಾದಂತೆ ಹಿಂದಕ್ಕೆ ಬಂದರು. ಗೂಟಕ್ಕೆ ನೇತುಹಾಕಿದ್ದ ತಮ್ಮ ಅಂಗಿಯ ಜೇಬಿನಿಂದ ಐವತ್ತೇಳು ಪೈಸೆ ಎಣಿಸಿ ತೆಗೆದು ಮೆಸ್ಸಿನ ಡಬ್ಬಿಗೆ ಹಾಕಿದರು.