ಸ್ಟೋರಿನ ಕಿಟಕಿಗೆ ಬರುತ್ತಿದ್ದ ಟರ್ನರ್

ಆ ಟರ್ನರನಿಗೆ ಕಾರ್ಖಾನೆಯಲ್ಲಿ ನಾವೆಲ್ಲ ಇಟ್ಟ ಹೆಸರು ಮೂಕಪ್ಪ. ಎರಕದ ಕಬ್ಬಿಣದ ರೋಲರುಗಳನ್ನು ಕಡೆಯುವ ಲೇತು ಅವನದು. ಕರಿಪುಡಿ ಎಲ್ಲೆಲ್ಲೂ ಹಾರುತ್ತದೆಂದು ಅದನ್ನು ಶೆಡ್ಡಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿದ್ದರು. ಅಲ್ಲಿಗೆ ಹೋಗಿ ಮಾತಾಡಿಸುವಷ್ಟು ಪುರುಸೊತ್ತು ಯಾರಿಗಿತ್ತು? ಹೆಂಡತಿ ತೀರಿಕೊಂಡಿದ್ದಳು, ಮನೆಯಲ್ಲೂ ಅವನಿಗೆ ಗೋಡೆಗಳೇ ಗತಿ.

ನಾನು ಸ್ಟೋರಿನವನು. ನನ್ನ ಕಿಟಕಿಯಲ್ಲಿ ಒಂದೇ ನಿಯಮ: ಸವೆದ ಟಿಪ್ ಕೊಡು, ಹೊಸದು ತಗೋ. ಟಿಪ್ ಅಂದರೆ ಲೇತಿನಲ್ಲಿ ಕಬ್ಬಿಣ ಕೆತ್ತುವ, ಹೆಬ್ಬೆರಳಿನ ಉಗುರಿನಷ್ಟಗಲದ ಗಟ್ಟಿ ಲೋಹದ ಚೂರು. ಅದಕ್ಕೆ ನಾಲ್ಕು ಮೂಲೆ. ಒಂದು ಸವೆದರೆ ಇನ್ನೊಂದಕ್ಕೆ ತಿರುಗಿಸಬೇಕು. ಮೂಕಪ್ಪನ ರೋಲರುಗಳು ಎಂಥ ಗಟ್ಟಿ ಎಂದರೆ ನಾಲ್ಕೂ ಮೂಲೆಗಳನ್ನು ಎರಡು ಗಂಟೆಯಲ್ಲಿ ತಿಂದು ಮುಗಿಸುತ್ತಿದ್ದವು. ಹಾಗಾಗಿ ದಿನಕ್ಕೆ ನಾಲ್ಕು ಸಲ ಅವನು ನನ್ನ ಕಿಟಕಿಗೆ ಹಾಜರು. ಅಲ್ಲಿ ಮಾತ್ರ ಅವನ ಬಾಯಿ ಬಿಚ್ಚುತ್ತಿತ್ತು. ನಲ್ಲಿ ಸೋರಿದ್ದು, ಮೆಟ್ಟಿಲ ಕೆಳಗೆ ಬೆಕ್ಕು ಮರಿ ಹಾಕಿದ್ದು, ಹಾಲು ಉಕ್ಕಿ ಒಲೆ ಆರಿದ್ದು. ನಾನು ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಹೂಂಗುಟ್ಟುತ್ತಿದ್ದೆ. ತಲೆ ತಿನ್ನುತ್ತಾನೆ ಎಂದು ಗೊಣಗಿದ್ದೂ ಉಂಟು.

ಆಮೇಲೆ ರೋಲರುಗಳಿಗೆ ಮೆತ್ತನೆಯ ಎರಕ ಬಂತು. ಒಂದು ಟಿಪ್ ಇಡೀ ದಿನ ಬಾಳಬಹುದಿತ್ತು. ಮೂಕಪ್ಪ ಮಾತ್ರ ನಾಲ್ಕು ಸಲ ಬರುವುದನ್ನು ಬಿಡಲಿಲ್ಲ. ಇಷ್ಟು ಟಿಪ್ ಯಾಕೆ ಖರ್ಚಾಗುತ್ತಿವೆ ಎಂದು ಮ್ಯಾನೇಜರ್ ನನ್ನನ್ನು ತರಾಟೆಗೆ ತೆಗೆದುಕೊಂಡ ದಿನ ನನಗೆ ಮೈಯೆಲ್ಲ ಉರಿಯಿತು. ಮೂಕಪ್ಪ ಕೊಟ್ಟ ಟಿಪ್ಪನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೂರು ಮೂಲೆ ಹೊಚ್ಚಹೊಸವು. ಅವನ ಹಿಂದೆ ಐದಾರು ಜನ ನಿಂತಿದ್ದರು.

"ಇದು ಸವೆದಿದ್ಯೇನಯ್ಯ? ಹರಟೆ ಹೊಡಿಯೋಕೆ ಬೇರೆ ಜಾಗ ನೋಡ್ಕೊ," ಎಂದೆ.

ಹಿಂದಿದ್ದವರು ನಕ್ಕರು. ಅವನು ಆ ಟಿಪ್ಪನ್ನೇ ಎತ್ತಿಕೊಂಡು ಹೋದ.

ಮರುದಿನ ಬರಲಿಲ್ಲ. ನಾಲ್ಕನೆಯ ದಿನವೂ ಇಲ್ಲ. ಐದನೆಯ ದಿನ ಅವನ ರೋಲರ್ ಮೈತುಂಬ ಗೀರು ಬಿದ್ದು ತಪಾಸಣೆಯಿಂದ ವಾಪಸು ಬಂತು. ಆಗ ನಾನೇ ಹೊಸ ಟಿಪ್ ಹಿಡಿದು ಹೊರಟೆ. ಹನ್ನೆರಡು ವರ್ಷದಲ್ಲಿ ಆ ಮೂಲೆಗೆ ಕಾಲಿಟ್ಟದ್ದು ಅದೇ ಮೊದಲು. ಟಿಪ್ ಪೂರ್ತಿ ಮೊಂಡಾಗಿ ಲೇತು ಕಿರುಚುತ್ತಿತ್ತು. ತಪ್ಪಾಯಿತು ಎನ್ನಲು ಹೋದವನು ಟಿಪ್ಪನ್ನಷ್ಟೇ ಮುಂದೆ ಚಾಚಿದೆ.

"ಹೊಸದು ತಂದಿದೀನಿ. ಮೊದ್ಲಿನ ಹಾಗೆ ಬರ್ತಾ ಇರು ಮಾರಾಯ, ಯಾರೂ ಏನೂ ಅನ್ನಲ್ಲ."

ಅವನು ಲೇತು ನಿಲ್ಲಿಸಿ ಕೈ ಒರೆಸಿಕೊಂಡ. ಮೊಂಡಾದದ್ದನ್ನು ನಿಯಮದಂತೆ ನನ್ನ ಕೈಗಿಟ್ಟು ಹೊಸದನ್ನು ತೆಗೆದುಕೊಂಡ.

"ಬೇಡ ಸಾರ್, ನಿಮಗ್ಯಾಕೆ ತೊಂದ್ರೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ದಿನಕ್ಕೆ ಒಂದೇ ಸಲ ಬರುತ್ತಾನೆ. ನಾಲ್ಕೂ ಮೂಲೆ ಒಂದೇ ಸಮ ಸವೆದಿರುತ್ತವೆ. ಏನಾದರೂ ಹೇಳಲಿ ಎಂದು ನಾನು ಹೊಸದನ್ನು ತುಸು ಹೊತ್ತು ಕೈಯಲ್ಲೇ ಹಿಡಿದುಕೊಂಡಿರುತ್ತೇನೆ. ಅವನು ಕೈ ಚಾಚಿಕೊಂಡು ಸುಮ್ಮನೆ ನಿಂತಿರುತ್ತಾನೆ.